ಅಪ್‌ಡೇಟ್: ಒಂದೇ ಕಡೆಯ ಒನ್‌ಟುಮೆನಿ ಈಗ ಸರಿಯಾಯಿತು

ಜಾವಾ ಆಬ್ಜೆಕ್ಟ್‌ಗಳನ್ನು ಡೇಟಾಬೇಸ್‌ನಲ್ಲಿ ಉಳಿಸುವ ಹೈಬರ್ನೇಟ್ ಲೈಬ್ರರಿ ಬಳಸುತ್ತಿದ್ದೇನೆ. ಆರ್ಡರ್ ಎಂಟಿಟಿಯಲ್ಲಿ (ಟೇಬಲ್‌ಗೆ ಹೊಂದುವ ಕ್ಲಾಸ್) ಒನ್‌ಟುಮೆನಿ, ಅಂದರೆ ಒಂದಕ್ಕೆ ಹಲವು ಎಂಬ ಸಂಬಂಧದಲ್ಲಿ, ಐಟಂಗಳ ಲಿಸ್ಟ್ ಇದೆ, ಐಟಂನಿಂದ ಆರ್ಡರ್‌ಗೆ ಕೊಂಡಿಯಿಲ್ಲ. ಸೇವ್ ಮಾಡಿದರೆ ಆರ್ಡರ್ ಐಡಿ ನಲ್ ಎಂಬ ಎರರ್ ಬರುತ್ತಿದೆ ಎಂದು ಕೇಳಿದ್ದೆ. ಉತ್ತರಿಸಿದವರಿಗೆಲ್ಲ ತುಂಬಾ ಥ್ಯಾಂಕ್ಸ್.

ಎಸ್‌ಕ್ಯೂಎಲ್ ಲಾಗ್ ಆನ್ ಮಾಡಿದಾಗ ಕಾರಣ ಸಿಕ್ಕಿತು. ಹೈಬರ್ನೇಟ್ ಮೊದಲು ಫಾರಿನ್ ಕೀ (ಐಟಂ ಟೇಬಲ್‌ನಲ್ಲಿರುವ ಆರ್ಡರ್ ಐಡಿ) ಇಲ್ಲದೆಯೇ ಐಟಂ ಇನ್ಸರ್ಟ್ ಮಾಡಿ, ಆಮೇಲೆ ಪ್ರತ್ಯೇಕ ಅಪ್‌ಡೇಟ್‌ನಲ್ಲಿ ಅದನ್ನು ತುಂಬುತ್ತದೆ. ನಮ್ಮ ಕಾಲಮ್ ನಾಟ್ ನಲ್ (ಖಾಲಿ ಬಿಡುವಂತಿಲ್ಲ), ಹಾಗಾಗಿ ಇನ್ಸರ್ಟೇ ಫೇಲ್. ಫಾರಿನ್ ಕೀ ಕಾಲಮ್ ಯಾವುದೆಂದು ಹೇಳುವ ಜಾಯಿನ್‌ಕಾಲಮ್‌ಗೆ ನಲ್ಲಬಲ್ ಫಾಲ್ಸ್ ಕೊಟ್ಟೆ, ಆಗ ಇನ್ಸರ್ಟ್‌ನಲ್ಲೇ ಐಡಿ ಬಂದು ಎರರ್ ಹೋಯಿತು. ಆದರೆ ಆ ಹೆಚ್ಚುವರಿ ಅಪ್‌ಡೇಟ್ ಉಳಿಯಿತು, ಪ್ರತಿ ಐಟಂಗೂ ಒಂದೊಂದು! ಅದನ್ನು ಹಾಗೇ ಬಿಡಲು ಮನಸ್ಸಾಗಲಿಲ್ಲ.

ಕೊನೆಗೆ ಐಟಂನಲ್ಲಿ ಆರ್ಡರ್‌ಗೆ ಕೊಂಡಿಯಾಗಿ ಮೆನಿಟುಒನ್ ಸೇರಿಸಿ, ಫಾರಿನ್ ಕೀಯನ್ನು ಐಟಂ ಕಡೆಯೇ ನೋಡಿಕೊಳ್ಳಲಿ ಎಂದು ಲಿಸ್ಟ್‌ಗೆ ಮ್ಯಾಪ್ಡ್‌ಬೈ ಕೊಟ್ಟೆ. ಈಗ ಇನ್ಸರ್ಟ್ ಮಾತ್ರ. ಲಿಸ್ಟ್‌ಗೆ ಸೇರಿಸುವ ಮೆಥಡ್‌ನಲ್ಲೇ ಐಟಂಗೆ ಆರ್ಡರನ್ನೂ ಸೆಟ್ ಮಾಡಿ. ಅದಿಲ್ಲದಿದ್ದರೆ ಐಡಿ ಮತ್ತೆ ನಲ್ ಆಗುತ್ತದೆ.