1967ರ ಕಾರ್ವೆಟ್ ಇಂಜಿನ್ ನಾಕಿಂಗ್: ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿದ್ದೇನೆ. ನಾಲ್ಕು ವರ್ಷ ಕೂತು ಸರಿಮಾಡಿದ 1967ರ ಷೆವರ್ಲೆ ಸ್ಪೋರ್ಟ್ಸ್ ಕಾರು ಕಾರ್ವೆಟ್ ಸ್ಟಿಂಗ್ ರೇ ಕೊನೆಗೂ ರಸ್ತೆಗೆ ಇಳಿದಿದೆ. ಫೈಬರ್‌ಗ್ಲಾಸ್ ಬಾಡಿ, ಬಣ್ಣ, ವೈರಿಂಗ್ ಎಲ್ಲಾ ಮುಗಿದಿದೆ. ತೊಂದರೆ ಇಂಜಿನ್‌ದು: ನಾಕಿಂಗ್, ಅಂದರೆ ಸಿಲಿಂಡರ್ ಒಳಗಿನ ಪೆಟ್ರೋಲ್-ಗಾಳಿ ಮಿಶ್ರಣ ತಾನಾಗಿಯೇ ಹೊತ್ತಿಕೊಂಡು ಬಡಿಯುವುದು.

ಇದು ಎಲ್71 ಅನ್ನೋ ಮಾದರಿಯ ಇಂಜಿನ್. 427 ಕ್ಯೂಬಿಕ್ ಇಂಚು, ಅಂದರೆ ಸುಮಾರು 7 ಲೀಟರ್. ಮೂರು ಹೋಲಿ ಕಾರ್ಬ್ಯುರೇಟರ್, 435 ಹಾರ್ಸ್‌ಪವರ್. ಕಂಪ್ರೆಷನ್ (ಆ ಮಿಶ್ರಣವನ್ನು ಎಷ್ಟು ಪಟ್ಟು ಒತ್ತುತ್ತದೆ ಅನ್ನೋದು) 11:1, ಇದು ಜಾಸ್ತಿಯೇ. ಇಲ್ಲಿನ ಬಂಕ್‌ಗಳಲ್ಲಿ ಪ್ರೀಮಿಯಂ ಅಂದರೂ 91 ಆಕ್ಟೇನ್ (ನಾಕಿಂಗ್ ತಡೆಯುವ ಶಕ್ತಿಯ ಅಳತೆ) ಪೆಟ್ರೋಲೇ ಸಿಗೋದು, ಅದೂ ಎಥನಾಲ್ ಬೆರೆಸಿದ್ದು. ಏರು ರಸ್ತೆಯಲ್ಲಿ ಆಕ್ಸಿಲರೇಟರ್ ಒತ್ತಿದರೆ ಕಟಕಟ ಅಂತ ನಾಕಿಂಗ್ ಶುರುವಾಗುತ್ತದೆ. ವಾಲ್ವ್ ತೆರೆಯುವ ಸಾಲಿಡ್ ಲಿಫ್ಟರ್‌ಗಳ ಟಿಕ್‌ಟಿಕ್ ಶಬ್ದ ನನಗೆ ಚೆನ್ನಾಗಿ ಗೊತ್ತು, ಇದು ಅದಲ್ಲ. ಕೇಳಿದರೆ ಹೊಟ್ಟೆ ಕಿವುಚಿದ ಹಾಗಾಗುತ್ತದೆ.

ಟೈಮಿಂಗ್, ಅಂದರೆ ಪ್ಲಗ್ ಕಿಡಿ ಹಾರಿಸುವ ಸಮಯ, 4 ಡಿಗ್ರಿ ತಡ ಮಾಡಿ ನೋಡಿದೆ. ಶಬ್ದ ತಗ್ಗಿತು, ಜೊತೆಗೆ ಎಳೆತವೂ ಹೋಯಿತು. ಬಿಸಿಯೂ ಜಾಸ್ತಿಯಾಯಿತು. ರೇಡಿಯೇಟರ್ ಹೊಸದು, ಪ್ಲಗ್‌ಗಳೂ ಹೊಸವು.

ಒಬ್ಬ ಮೆಕ್ಯಾನಿಕ್ ಪಿಸ್ಟನ್ ಬದಲಿಸಿ ಕಂಪ್ರೆಷನ್ ಇಳಿಸಿ ಅಂದರು. ಇಂಜಿನ್ ಬ್ಲಾಕ್ ಮೇಲಿನ ನಂಬರ್ ಕಾರಿನ ನಂಬರಿಗೆ ಹೊಂದುತ್ತದೆ, ಅಂದರೆ ಇದು ಕಾರಿನ ಮೂಲ ಇಂಜಿನ್ನೇ. ಇಂಥ ಇಂಜಿನ್ ಸುಮ್ನೆ ಬಿಚ್ಚಲು ಮನಸ್ಸಿಲ್ಲ. ಹೆಚ್ಚು ಆಕ್ಟೇನ್‌ನ ರೇಸ್ ಪೆಟ್ರೋಲ್ ಬೆರೆಸಿ ಓಡಿಸುವವರು ಇದ್ದೀರಾ? ಎಷ್ಟು ಪಾಲು ಬೆರೆಸುತ್ತೀರಿ? ಕಂಪ್ರೆಷನ್ ಇಳಿಸಲು ದಪ್ಪ ಹೆಡ್ ಗ್ಯಾಸ್ಕೆಟ್ (ಬ್ಲಾಕ್ ಮತ್ತು ಹೆಡ್ ನಡುವಿನ ಸೀಲು) ಹಾಕಿದವರಿದ್ದರೂ ದಯವಿಟ್ಟು ತಿಳಿಸಿ.