ಆಲ್ ಇನ್‌ಕ್ಲೂಸಿವ್ ಪ್ಯಾಕೇಜ್ ತಗೊಂಡು ಹೋಗಿ ಬಂದವರು ಸ್ವಲ್ಪ ಹೇಳಿ

ನಾವು ಐದು ಜನ: ನಾನು, ಯಜಮಾನರು, ಅತ್ತೆ, ಏಳು ವರ್ಷದ ಮಗ, ಇನ್ನೇನು 12 ತುಂಬಲಿರುವ ಮಗಳು. ಸಮುದ್ರದ ಪಕ್ಕದ ರೆಸಾರ್ಟ್‌ನಲ್ಲಿ ನಾಲ್ಕು ರಾತ್ರಿ ಇರೋಣ ಅಂತಿದ್ದೀವಿ. ಮೂರು ಕಡೆಯಿಂದ ಕೊಟೇಶನ್ ಬಂದಿದೆ. ಮೂರರಲ್ಲೂ "ಆಲ್ ಇನ್‌ಕ್ಲೂಸಿವ್" ಅಂತಲೇ ಇದೆ, ಮೊತ್ತ ಮಾತ್ರ ಒಂದಕ್ಕೊಂದು ತಾಳೆಯೇ ಇಲ್ಲ. ಹೇಗೆ ಹೋಲಿಸಿ ನೋಡೋದು? ಅನುಭವ ಇದ್ದವರು ದಯವಿಟ್ಟು ತಿಳಿಸಿ.

—

ಅಕ್ಕ, ಮೊತ್ತ ಸದ್ಯಕ್ಕೆ ಪಕ್ಕಕ್ಕಿಡಿ. ಊಟದ ಪ್ಲಾನ್ ಯಾವುದು ಅಂತ ಬರೆದಿದ್ದಾರೆ ನೋಡಿ. ಇಪಿ ಅಂದರೆ ಬರೀ ರೂಮು. ಸಿಪಿ ಅಂದರೆ ಜೊತೆಗೆ ಬೆಳಗಿನ ತಿಂಡಿ. ಎಂಎಪಿ ಅಂದರೆ ತಿಂಡಿ ಮತ್ತು ಒಂದು ಹೊತ್ತಿನ ಊಟ, ಸಾಮಾನ್ಯವಾಗಿ ರಾತ್ರಿಯದು. ಎಪಿಯಲ್ಲಿ ಮೂರು ಹೊತ್ತೂ ಸಿಗುತ್ತೆ, ಆದರೆ ಮಧ್ಯೆ ಕುಡಿಯುವ ಕಾಫಿ, ಜ್ಯೂಸು, ಸಂಜೆಯ ಕುರುಕಲು ತಿಂಡಿಗೆ ಬಿಲ್ ಬೇರೆ. ಅವೂ ಸೇರಿದ್ದರೆ ಮಾತ್ರ ಅದನ್ನು ಆಲ್ ಇನ್‌ಕ್ಲೂಸಿವ್ ಅನ್ನಬೇಕು.

ನಮಗೆ ಏಜೆಂಟ್ ಎಂಎಪಿಯನ್ನೇ "ಎಲ್ಲ ಸೇರಿದೆ ಸರ್" ಅಂತ ಹೇಳಿ ಕೊಟ್ಟಿದ್ದರು. ಎರಡನೇ ದಿನ ಮಧ್ಯಾಹ್ನ ಊಟ ಮುಗಿಸಿ ಏಳುವಷ್ಟರಲ್ಲಿ ಸಹಿ ಹಾಕಿ ಅಂತ ಬಿಲ್ ತಂದಿಟ್ಟರು. ಅಪ್ಪ ಕೈಯಲ್ಲಿದ್ದ ಹಣ್ಣಿನ ತಟ್ಟೆ ಕೆಳಗಿಟ್ಟುಬಿಟ್ಟರು. ಉಳಿದ ಎರಡು ದಿನ ಏನು ಬೇಕಾದರೂ ಮೊದಲು "ಇದಕ್ಕೆ ದುಡ್ಡು ಕೊಡಬೇಕೇನಪ್ಪಾ" ಅಂತ ಕೇಳೋರು. ಅದು ಇವತ್ತಿಗೂ ಮನಸ್ಸಿಗೆ ಚುಚ್ಚುತ್ತೆ.

ದರ ತಲೆಗೋ ರೂಮಿಗೋ ಅದನ್ನೂ ಕೇಳಿ. "ಟ್ವಿನ್ ಶೇರಿಂಗ್" ಅಂತಿದ್ದರೆ ರೂಮಿನಲ್ಲಿ ಇಬ್ಬರಿದ್ದಾಗ ತಲೆಗೆ ಬೀಳುವ ದರ ಅದು. ಅತ್ತೆಯವರಿಗೆ ಪ್ರತ್ಯೇಕ ರೂಮ್ ಹಿಡಿದರೆ ಲೆಕ್ಕವೇ ಬದಲಾಗುತ್ತೆ.

—

ಮಗಳ ವಯಸ್ಸಿನ ಬಗ್ಗೆ ಒಂದು ಮಾತು. "12ರವರೆಗೆ ಮಕ್ಕಳ ದರ" ಅಂತ ಬರೆದಿದ್ದರೆ 12 ತುಂಬಿದವರೂ ಸೇರುತ್ತಾರೋ, 11 ವರ್ಷಕ್ಕೇ ಮುಗೀತೋ ಕೇಳಿ. ಬುಕ್ ಮಾಡುವ ದಿನದ ವಯಸ್ಸೋ, ಹೋಟೆಲ್‌ಗೆ ಕಾಲಿಡುವ ದಿನದ್ದೋ ಅನ್ನೋದನ್ನೂ ಕೇಳಿ. ಬಹಳಷ್ಟು ಕಡೆ ಕಾಲಿಡುವ ದಿನದ್ದೇ. ದೊಡ್ಡವರ ದರ ಬಿದ್ದರೆ ಇಡೀ ಹೋಲಿಕೆ ತಲೆಕೆಳಗಾಗುತ್ತೆ.

—

"ನಾಲ್ಕು ರಾತ್ರಿ ಐದು ದಿನ" ಅನ್ನೋದನ್ನು ಐದು ದಿನದ ಊಟ ಅಂತ ತಿಳೀಬೇಡಿ. ಸಾಮಾನ್ಯವಾಗಿ ರೂಮ್ ಕೊಡೋದು ಮಧ್ಯಾಹ್ನ ಎರಡೋ ಮೂರೋ ಗಂಟೆಗೆ, ಬಿಡಬೇಕಾಗಿರೋದು ಹನ್ನೊಂದಕ್ಕೋ ಹನ್ನೆರಡಕ್ಕೋ. ಅಲ್ಲಿಗೆ ಮೊದಲ ದಿನದ ಮಧ್ಯಾಹ್ನದ ಊಟವೂ ಕೊನೇ ದಿನದ್ದೂ ಹೋದ ಹಾಗೇ.

ನಮ್ಮ ವಿಮಾನ ಇದ್ದದ್ದು ರಾತ್ರಿ ಒಂಬತ್ತಕ್ಕೆ. ಹನ್ನೊಂದಕ್ಕೆ ರಿಸೆಪ್ಶನ್‌ನಲ್ಲಿ ಒಬ್ಬ ಹುಡುಗ ಕತ್ತರಿ ತಂದು ಪ್ಯಾಕೇಜ್‌ನವರು ಅನ್ನೋ ಗುರುತಿಗೆ ಕಟ್ಟಿದ್ದ ನಾಲ್ವರ ಮಣಿಕಟ್ಟಿನ ಪಟ್ಟಿಯನ್ನೂ ಕತ್ತರಿಸಿದ. ಒಂದು ಗಂಟೆ ಕಳೆದು ಚಿಕ್ಕವಳು ನೀರು ಬೇಕು ಅಂದಳು. ಹಿಂದಿನ ದಿನದ ತನಕ ತಾನೇ ಹೋಗಿ ಗ್ಲಾಸ್ ತರುತ್ತಿದ್ದ ಕೌಂಟರ್‌ಗೇ ಹೋದಳು, ಬರಿಗೈ ನೋಡಿ ವಾಪಸ್ ಕಳಿಸಿದರು. ಸಂಜೆಯವರೆಗೂ ಸೂಟ್‌ಕೇಸ್ ಪಕ್ಕ ಕೂತಿದ್ದೆವು. ಅರ್ಧ ದಿನದ ಪಾಸ್ ಸಿಗುತ್ತಾ, ಸ್ನಾನ ಮಾಡಿ ಬಟ್ಟೆ ಬದಲಿಸೋಕೆ ಜಾಗ ಇದೆಯಾ ಅಂತ ಮೊದಲೇ ಕೇಳಿದ್ದರೆ ಆ ಪಾಡು ಇರುತ್ತಿರಲಿಲ್ಲ.

—

ನಾನು ಹೋಟೆಲ್ ಫ್ರಂಟ್ ಆಫೀಸ್‌ನಲ್ಲಿ ಕೆಲಸ ಮಾಡಿದವನು. ಈ ಪದ್ಧತಿಗೆ ಹೆಸರು ತಂದ ಫ್ರೆಂಚ್ ರೆಸಾರ್ಟ್ ಕಂಪನಿ ಕ್ಲಬ್ ಮೆಡ್ 1950ರಲ್ಲಿ ಸ್ಪೇನ್‌ನ ಮಯೋರ್ಕಾ ದ್ವೀಪದ ಅಲ್ಕುದಿಯಾದಲ್ಲಿ ಡೇರೆ ಹಾಕಿ ಶುರುವಾಯಿತು. ಅವರ ರೆಸಾರ್ಟ್‌ಗಳಲ್ಲಿ ಊಟ, ಆಟ ಎಲ್ಲ ಸೇರಿದ್ದರೂ ಬಾರ್‌ನಲ್ಲಿ ಕುಡಿದದ್ದಕ್ಕೆ ಜನ ಮೊದಲೇ ದುಡ್ಡು ಕೊಟ್ಟು ಕೊಂಡ ಕೊರಳಿನ ಮಣಿ ಬಿಚ್ಚಿ ಕೊಡುವ ರೂಢಿ ಬಹಳ ಕಾಲ ಇತ್ತು. "ಎಲ್ಲ" ಅನ್ನೋದರ ಹೊರಗೆ ಏನೋ ಒಂದು ಉಳಿಯೋದು ಇವತ್ತಿನ ಸಂಗತಿಯಲ್ಲ ಮೇಡಂ.

ಈಗ ಹೊರಗೆ ಉಳಿಯೋದು ಸಾಮಾನ್ಯವಾಗಿ ಸ್ಪಾ, ಜೆಟ್ ಸ್ಕೀ ಥರದ ಮೋಟಾರ್ ಆಟಗಳು, ಆಮದು ಬ್ರ್ಯಾಂಡ್‌ನ ಪಾನೀಯ, ರೂಮಿಗೆ ತರಿಸುವ ಊಟ. ಬಫೆ ಬಿಟ್ಟು ಬೇರೆ ರೆಸ್ಟೋರೆಂಟ್‌ಗಳಿದ್ದರೆ ಎಷ್ಟು ಸಲ ಹೋಗಬಹುದು ಅಂತ ಕೇಳಿ. ಕೆಲವು ಕಡೆ ಇಡೀ ವಾಸ್ತವ್ಯಕ್ಕೆ ಒಂದೇ ಸಲ, ಅದಕ್ಕೂ ಮುಂಗಡ ಹೇಳಬೇಕು. ಹೋದ ದಿನವೇ ಸಂಜೆ ಬುಕ್ ಮಾಡಿಬಿಡಿ, ತಡ ಮಾಡಿದವರಿಗೆ ಟೇಬಲ್ ಸಿಗದಿದ್ದದ್ದನ್ನು ನಾನೇ ನೋಡಿದ್ದೀನಿ. ಡಿಸೆಂಬರ್ 24 ಅಥವಾ 31ರ ರಾತ್ರಿ ಬಂದರೆ ಗಾಲಾ ಡಿನ್ನರ್, ಅಂದರೆ ಆ ರಾತ್ರಿಯ ವಿಶೇಷ ಔತಣದ ಶುಲ್ಕ ಕಡ್ಡಾಯವಾ ಅಂತಲೂ ಕೇಳಿ.

ಫೋನಿನಲ್ಲಿ ಹೇಳಿದ್ದನ್ನು ಲೆಕ್ಕಕ್ಕೇ ಇಡಬೇಡಿ. ಇಮೇಲ್‌ನಲ್ಲಿ ಬರೆದು ಕೊಟ್ಟಿದ್ದರೆ ಕೌಂಟರ್‌ನಲ್ಲಿ ತೋರಿಸಬಹುದು, ನಮ್ಮಂಥವರಿಗೂ ಮ್ಯಾನೇಜರ್ ಹತ್ತಿರ ನಿಮ್ಮ ಪರ ಮಾತಾಡೋಕೆ ಆಧಾರ ಸಿಗುತ್ತೆ.

—

ಅತ್ತೆಯವರಿಗೆ ಮಂಡಿನೋವಿದ್ದರೆ ರೂಮಿನಿಂದ ಊಟದ ಹಾಲ್ ಎಷ್ಟು ದೂರ, ಲಿಫ್ಟ್ ಇದೆಯಾ ಕೇಳಿ. ಮೂರು ಹೊತ್ತಿನ ಊಟಕ್ಕೆ ದುಡ್ಡು ಕೊಟ್ಟು, ನಡೆಯೋಕಾಗದೆ ನಮ್ಮಮ್ಮ ಎರಡು ರಾತ್ರಿ ಬಿಸ್ಕತ್ತು ತಿಂದು ಮಲಗಿದರು.

—

ಎಲ್ಲರಿಗೂ ತುಂಬಾ ಧನ್ಯವಾದ. ನೀವು ಹೇಳಿದ್ದನ್ನೆಲ್ಲ ಒಂದೇ ಇಮೇಲ್ ಮಾಡಿ ಮೂವರಿಗೂ ಕಳಿಸಿದೆ. ಎಲ್ಲಕ್ಕಿಂತ ಅಗ್ಗ ಕಂಡದ್ದು ಎಪಿ ಅಂತೆ, ವಿಮಾನ ನಿಲ್ದಾಣದಿಂದ ಬರೋ ಗಾಡಿಯೂ ತೆರಿಗೆಯೂ ಬೇರೆ. ಎರಡನೆಯವರು ಊಟದ ಹಾಲ್ ಪಕ್ಕದಲ್ಲೇ ನೆಲಮಹಡಿ ರೂಮ್ ಕೊಡ್ತೀವಿ ಅಂತ ಬರೆದಿದ್ದಾರೆ, ಅದಕ್ಕೇ ಮನಸ್ಸು ಎಳೀತಿದೆ. ಮಗಳ ವಯಸ್ಸಿನ ಪ್ರಶ್ನೆಗೆ ಮಾತ್ರ ಅವರು ಉತ್ತರ ಕೊಟ್ಟಿಲ್ಲ. ಅದು ಬರಹದಲ್ಲಿ ಬರೋವರೆಗೂ ಮುಂಗಡ ಕಟ್ಟಲ್ಲ.