ಹಿತ್ತಲಿನ ಲಾನ್ ತೆಗೆದು ಪ್ಲಾಸ್ಟಿಕ್ ಹುಲ್ಲು: ನಮ್ಮ ಮಳೆಗೆ ತಡೆಯುತ್ತದಾ?

ಕೇಳಿದವರು, ಕಾರವಾರ ಕೋಡಿಬಾಗದಿಂದ

ನಮ್ಮ ಹಿತ್ತಲು 30 ಅಡಿ ಉದ್ದ, 20 ಅಡಿ ಅಗಲ. ಆರು ವರ್ಷದ ಹಿಂದೆ ಹೊಯ್ಗೆ ನೆಲದ ಮೇಲೆ ಎರಡು ಲೋಡ್ ಕೆಂಪು ಮಣ್ಣು ಹರಡಿಸಿ ಮೆಕ್ಸಿಕನ್ ಹುಲ್ಲು ನೆಟ್ಟಿದ್ದೆವು. ಮೊದಲೆರಡು ವರ್ಷ ಚಂದ ಇತ್ತು. ಈಗ ಹುಲ್ಲಿಗಿಂತ ಕೊನ್ನಾರಿ ಗಡ್ಡೆ, ಮುಟ್ಟಿದರೆ ಮುನಿಯೇ ಜಾಸ್ತಿ. ಆರ್ದ್ರಾ ಮಳೆ ಹಿಡಿದರೆ ಮೊಣಕಾಲು ಮಟ್ಟ ಬೆಳೆಯುತ್ತದೆ, ಸವರುವವರು ಸಿಗುವುದಿಲ್ಲ. ಏಪ್ರಿಲ್ ಬಂತೆಂದರೆ ಬಾವಿ ನೀರು ಉಪ್ಪಾಗಿ ಎಲ್ಲ ಸುಟ್ಟ ಹಾಗಾಗುತ್ತದೆ. ಹೋದ ವರ್ಷ ಅಲ್ಲಿ ಹಾವು ಕಂಡಿತು. ಅಂದಿನಿಂದ ಆಯಿ ಬಟ್ಟೆ ಒಣಗಿಸಲೂ ಹಿತ್ತಲಿಗೆ ಹೋಗುವುದಿಲ್ಲ.

ಎಲ್ಲ ತೆಗೆದು ಪ್ಲಾಸ್ಟಿಕ್ ಹುಲ್ಲು ಹಾಸಿಬಿಡೋಣ ಅಂತ ಯೋಚನೆ. ಇಬ್ಬರು ರೇಟು ಹೇಳಿದ್ದಾರೆ. ಇದ್ದ ನೆಲದ ಮೇಲೇ ಹಾಸಿ ಕೊಡಲು ಒಬ್ಬರು ಚದರ ಅಡಿಗೆ 60 ರೂಪಾಯಿ ಅಂದರು. ಮಣ್ಣು ಅಗೆದು ಜಲ್ಲಿ ಹಾಕಿ ಮಾಡಲು ಇನ್ನೊಬ್ಬರು 135. ಒಟ್ಟು 45 ಸಾವಿರದ ವ್ಯತ್ಯಾಸ. ಅಷ್ಟು ದುಡ್ಡು ಮಣ್ಣಿನಡಿಗೆ ಹಾಕಬೇಕಾ? ನಮ್ಮ ಕಡೆ ಹಾಕಿಸಿದವರು ಇದ್ದದ್ದು ಇದ್ದ ಹಾಗೆ ಹೇಳಿ.

ಕುಮಟಾದಿಂದ

ಆ 60 ರೂಪಾಯಿಯ ಕೆಲಸ ಮಾಡಿಸಿ ಅನುಭವಿಸಿದವಳು ನಾನು. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಫೆಬ್ರವರಿಯಲ್ಲಿ ಹಾಸಿದರು. ಬೆಳಿಗ್ಗೆ ಬಂದವರು ಊಟದ ಹೊತ್ತಿಗೆ ಮುಗಿಸಿ ಹೋದರು. ಇದ್ದ ಹುಲ್ಲನ್ನು ಬುಡಸಮ ಸವರಿದರು, ನಾಲ್ಕು ಬುಟ್ಟಿ ಎಂ-ಸ್ಯಾಂಡ್ ಎರಚಿದರು, ಅದರ ಮೇಲೆ ಹಾಸಿದರು. ಅಷ್ಟೇ. ಮೇ ತನಕ ನೆಂಟರೆಲ್ಲ ಬಂದು ಫೋಟೋ ತೆಗೆಸಿಕೊಂಡಿದ್ದೇ ತೆಗೆಸಿಕೊಂಡಿದ್ದು.

ಜೂನ್ ಎರಡನೇ ವಾರ ಮಳೆ ಹಿಡಿಯಿತು. ಹತ್ತೇ ದಿನ ನೋಡಿ. ಕಾಲಿಟ್ಟರೆ ಪಚಕ್ ಅನ್ನುತ್ತಿತ್ತು. ಎಳೆಗಳ ನಡುವಿನಿಂದ ಕೆಂಪು ನೀರು ಮೇಲೆ ಬರುತ್ತಿತ್ತು, ಕಾಲೆತ್ತಿದರೆ ಹೆಜ್ಜೆಯ ಗುಳಿ ಹಾಗೇ ಉಳಿಯುತ್ತಿತ್ತು. ಒಂದು ದಿನ ಮೂಲೆ ಎತ್ತಿ ನೋಡಿದೆ. ಕೆಳಗೆ ಮಣ್ಣು ಅಂಬಲಿಯಾಗಿತ್ತು. ಕೊಳೆತ ಹುಲ್ಲಿನ ನಾತಕ್ಕೆ ಸೆರಗು ಮೂಗಿಗೆ ಹೋಯಿತು. ಕೊನ್ನಾರಿ ಗಡ್ಡೆ ಮಾತ್ರ ಸತ್ತಿರಲಿಲ್ಲ. ಬೆಳಕಿಲ್ಲದೆ ಬಿಳಿಚಿದ ಮೊಳಕೆಗಳು ನೀರು ಇಳಿಯಲು ಬಿಟ್ಟ ತೂತುಗಳನ್ನೇ ಹುಡುಕಿಕೊಂಡು ಸೂಜಿ ಹಾಗೆ ಮೇಲೆದ್ದಿದ್ದವು. ಹೊರಗೆ ಬಂದ ಮೇಲೆ ಅವೂ ಹಸಿರು. ಯಾವುದು ಪ್ಲಾಸ್ಟಿಕ್, ಯಾವುದು ಕೊನ್ನಾರಿ ಅಂತ ಎಳೆದು ನೋಡಿಯೇ ತಿಳಿಯಬೇಕು!

ಹಾಸಿದವರಿಗೆ ಫೋನ್ ಮಾಡಿದರೆ 'ಮಳೆಗಾಲ ಮುಗೀಲಿ ಅಕ್ಕಾ' ಅಂದರು. ಮುಗಿದ ಮೇಲೆ ಫೋನೇ ಎತ್ತಲಿಲ್ಲ.

ಡಿಸೆಂಬರಿನಲ್ಲಿ ಎಲ್ಲ ಸುತ್ತಿಟ್ಟು, ನಾಲ್ಕೂವರೆ ಇಂಚು ಅಗೆಸಿ, ಜಲ್ಲಿ ಹಾಕಿ, ಅದೇ ಹಾಸನ್ನು ತೊಳೆದು ಮತ್ತೆ ಹಾಸಿಸಿದೆ. ಎರಡು ಸಲದ ಕೂಲಿ ಸೇರಿ ನಿಮ್ಮ 135ನ್ನು ದಾಟಿತು. ಆಮೇಲೆ ಮೂರು ಮಳೆಗಾಲ ಕಳೆದಿದೆ, ನೀರು ನಿಂತಿಲ್ಲ.

ಕೆಲಸವೇ ಇಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ವಾರಕ್ಕೊಮ್ಮೆ ಹಿಡಿಸೂಡಿಯಿಂದ ಎಳೆಗೆ ಎದುರಾಗಿ ಗುಡಿಸಬೇಕು, ಇಲ್ಲದಿದ್ದರೆ ಓಡಾಡುವ ಜಾಗದಲ್ಲಿ ಮಲಗಿಬಿಡುತ್ತದೆ. ಕಾಗೆ ಮೀನಿನ ಮುಳ್ಳು ತಂದು ಹಾಕುತ್ತದೆ. ಮಣ್ಣಾದರೆ ಇರುವೆ ಎಳೆದುಕೊಂಡು ಹೋಗಿ ಮುಗಿಸುತ್ತಿತ್ತು, ಇಲ್ಲಿ ನಾವೇ ಹೆಕ್ಕಬೇಕು. ಆದರೂ ತಿಂಗಳಿಗೆ ಎರಡು ಸಲ ಹುಲ್ಲು ಸವರಿಸುವ ರಗಳೆಗಿಂತ ಇದು ಅಡ್ಡಿಲ್ಲ.

ಇನ್ನೊಂದು. ತುಳಸಿ ಕಟ್ಟೆ ಹಿತ್ತಲಲ್ಲೇ ಇದ್ದರೆ ಸುತ್ತ ಎರಡು ಅಡಿ ಕಲ್ಲು ಹಾಸಿ ಬಿಡಿ. ದೀಪದ ಎಣ್ಣೆ ಬಿದ್ದರೆ ಧೂಳು ಅಂಟಿ ಕಪ್ಪಾಗುತ್ತದೆ. ನಮ್ಮನೆ ಹುಡುಗ ದೀಪಾವಳಿಗೆ ಸುರುಸುರು ಬತ್ತಿ ಹಿಡಿದು ಕುಣಿದ ಜಾಗದಲ್ಲಿ ಬಟಾಣಿ ಗಾತ್ರದ ಹನ್ನೊಂದು ತೂತು. ಎಣಿಸಿದ್ದೇನೆ.

ಕಾರವಾರದಿಂದ, ಇದೇ ಕೆಲಸ ಮಾಡುವವ

ಅಂಗಡಿಯವ ತನ್ನ ಸಾಮಾನು ತಾನೇ ಹೊಗಳುತ್ತಾನೆ ಅಂದುಕೊಂಡರೂ ಪರವಾಗಿಲ್ಲ, ಕುಮಟಾದ ಅಕ್ಕ ಹೇಳಿದ್ದು ಪೂರ್ತಿ ನಿಜ.

ಈ ಸಾಮಾನು ಹೆಸರು ಮಾಡಿದ್ದು 1966ರಲ್ಲಿ, ಅಮೆರಿಕದ ಹ್ಯೂಸ್ಟನ್‌ನ ಆಸ್ಟ್ರೋಡೋಮ್ ಸ್ಟೇಡಿಯಮ್ಮಿನಲ್ಲಿ. ಅದಕ್ಕೆ ಪೂರ್ತಿ ಮಾಡು ಇದೆ. ಮಾಡಿನ ಪಾರದರ್ಶಕ ಹಲಗೆಗಳಿಗೆ ಬಣ್ಣ ಹೊಡೆದ ಮೇಲೆ ಬಿಸಿಲು ಸಾಲದೆ ನಿಜವಾದ ಹುಲ್ಲು ಸತ್ತಿತ್ತು, ಅದಕ್ಕೇ ಪ್ಲಾಸ್ಟಿಕ್ ತಂದರು. ಮಳೆಯೇ ಬೀಳದ ಕಡೆ ಬೆಳೆದ ಸಾಮಾನನ್ನು ನಾವು ವರ್ಷಕ್ಕೆ 3000 ಮಿಲಿಮೀಟರ್ ಆಸುಪಾಸು ಸುರಿಯುವ ಕಾರವಾರದಲ್ಲಿ ಹಾಸುತ್ತಿದ್ದೇವೆ. ಲೆಕ್ಕ ಹಾಕಿ. ನಿಮ್ಮ 600 ಚದರ ಅಡಿ ಮೇಲೆ ಒಂದೇ ದಿನ 100 ಮಿಲಿಮೀಟರ್ ಬಿದ್ದರೆ ಐದೂವರೆ ಸಾವಿರ ಲೀಟರ್ ನೀರು. ಜುಲೈನಲ್ಲಿ ಅಂಥ ದಿನ ಹೊಸತೇನಲ್ಲ. ಹಾಸಿನ ತೂತಿನಿಂದ ನೀರು ಕೆಳಗಿಳಿಯುತ್ತದೆ ಸರಿ. ಇಳಿದು ಎಲ್ಲಿಗೆ ಹೋಗಬೇಕು?

ನಿಮ್ಮದು ಹೊಯ್ಗೆ ನೆಲ, ಅದು ಪುಣ್ಯ. ಹೊಯ್ಗೆ ನೀರು ಕುಡಿಯುತ್ತದೆ. ಮೇಲೆ ತಂದು ಹಾಕಿದ ಕೆಂಪು ಮಣ್ಣೇ ತಡೆಯುವುದು. ಆ ಮಣ್ಣನ್ನು ಪೂರ್ತಿ ತೆಗೆಸಿ, ಹೊಯ್ಗೆ ಕಾಣುವ ತನಕ. ಕೊನ್ನಾರಿ ಗಡ್ಡೆಯೂ ಅದರ ಜೊತೆ ಹೋಗಬೇಕು, ಒಂದು ಗಡ್ಡೆ ಉಳಿದರೂ ಅದು ವಂಶ ಬೆಳೆಸುತ್ತದೆ. ಆಮೇಲೆ ನೀರು ಇಳಿಯಲು ಬಿಡುವ ಜಿಯೋಟೆಕ್ಸ್‌ಟೈಲ್ ಬಟ್ಟೆ, ಇಲ್ಲದಿದ್ದರೆ ಜಲ್ಲಿ ಹೊಯ್ಗೆಯೊಳಗೆ ಇಳಿದುಹೋಗುತ್ತದೆ. ಅದರ ಮೇಲೆ ಮೂರು ಇಂಚು 20 ಎಂಎಂ ಜಲ್ಲಿ, ದಮ್ಮಸ್ಸು. ಮೇಲೆ ಒಂದು ಇಂಚು ಕ್ರಷರ್ ಪುಡಿ, ನೀರು ಹೊಡೆದು ಮತ್ತೆ ದಮ್ಮಸ್ಸು. ಒಂದು ಬ್ರಾಸ್ ಅಂದರೆ 100 ಘನ ಅಡಿ. ನಿಮ್ಮ ಜಾಗಕ್ಕೆ ಒಂದೂವರೆ ಬ್ರಾಸ್ ಜಲ್ಲಿ, ಅರ್ಧ ಬ್ರಾಸ್ ಪುಡಿ ಸಾಕು. ಬಿಲ್ಲಿನಲ್ಲಿ ನಾಲ್ಕು ಬ್ರಾಸ್ ಬರೆದಿದ್ದರೆ ಕೇಳಿ.

ವಾಟ ಮರೆಯಬೇಡಿ. ಹೊಯ್ಗೆ ಅಂತ ನಂಬಿ ಸಮತಟ್ಟು ಮಾಡಿದರೆ ಜುಲೈನಲ್ಲಿ ಕೈ ಕೊಡುತ್ತದೆ. ಆಗ ಬಾವಿಯಲ್ಲಿ ನೀರು ಎಷ್ಟು ಮೇಲೆ ಬರುತ್ತದೆ ನೋಡಿದ್ದೀರಲ್ಲ? ನೆಲದೊಳಗೂ ಅಷ್ಟೇ ಮೇಲೆ ಬಂದಿರುತ್ತದೆ, ಹೊಯ್ಗೆಗೆ ಕುಡಿಯಲು ಜಾಗ ಇರುವುದಿಲ್ಲ. 30 ಅಡಿ ಉದ್ದಕ್ಕೆ ಮೂರೂವರೆ ಇಂಚು ಇಳಿಜಾರು ಕೊಟ್ಟು ನೀರನ್ನು ಗಟಾರದ ಕಡೆ ತಿರುಗಿಸಿ. ಕೆಲವರು ಕೆಳಗೆ ಕಾಂಕ್ರೀಟ್ ಹಾಕಿಸಿ ಅನ್ನುತ್ತಾರೆ. ಬಾವಿ ಇರುವ ಮನೆಯಲ್ಲಿ ಆ ಕೆಲಸ ಮಾಡಬೇಡಿ. ಬಾವಿಗೆ ಇಳಿಯುವ ನೀರನ್ನು ನಾವೇ ತಡೆದು, ಏಪ್ರಿಲಿನಲ್ಲಿ ಉಪ್ಪಾಯಿತು ಅಂತ ಕೂತರೆ ಹೇಗೆ?

ಅಳತೆಯ ಒಂದು ಗುಟ್ಟು ಹೇಳುತ್ತೇನೆ. ರೋಲ್ ಅಗಲ ಸಾಮಾನ್ಯವಾಗಿ 2 ಮೀಟರ್. ಮೂರು ಪಟ್ಟಿ ಸೇರಿದರೆ ಹತ್ತಿರ ಹತ್ತಿರ 19 ಅಡಿ 8 ಇಂಚು. ನಿಮ್ಮ 20 ಅಡಿಗೆ ನಾಲ್ಕೇ ಇಂಚು ಕಮ್ಮಿ! ಆ ನಾಲ್ಕು ಇಂಚಿಗೆ ನಾಲ್ಕನೇ ರೋಲ್ ತೆಗೆಸಬೇಡಿ. ಗೋಡೆ ಬದಿಗೆ ಬೆಣಚುಕಲ್ಲು ತುಂಬಿ, ನೀರು ಇಳಿಯಲೂ ಒಳ್ಳೆಯದು. ಮೂರೂ ಪಟ್ಟಿಯ ಎಳೆ ಒಂದೇ ದಿಕ್ಕಿಗೆ ಬಾಗಿರಬೇಕು, ಇಲ್ಲದಿದ್ದರೆ ಮೂರು ಬಣ್ಣದ ಹಾಗೆ ಕಾಣುತ್ತದೆ. ಮೊಳೆ ಸ್ಟೀಲಿನದೇ ಕೇಳಿ. ನಮ್ಮ ಉಪ್ಪುಗಾಳಿಗೆ ಕಬ್ಬಿಣದ ಮೊಳೆ ಎರಡು ವರ್ಷಕ್ಕೆ ತಲೆ ಕಳೆದುಕೊಂಡು ಅಂಚು ಮೇಲೆದ್ದಿದ್ದು ನೋಡಿದ್ದೇನೆ. ಅಂಚು ಎದ್ದರೆ ಕೆಳಗೆ ಕಪ್ಪೆ ಸೇರುತ್ತದೆ. ಕಪ್ಪೆ ಸೇರಿದ ಮೇಲೆ ನಿಮ್ಮ ಆಯಿ ಹೆದರುವವನು ಬರಲು ತಡ ಇಲ್ಲ.

ಎಳೆ ನಿಲ್ಲಲು ನಡುವೆ ಸಿಲಿಕಾ ಹೊಯ್ಗೆ ತುಂಬುತ್ತೇವೆ, ಚದರ ಅಡಿಗೆ ಅರ್ಧದಿಂದ ಮುಕ್ಕಾಲು ಕೆಜಿ. ಸಮುದ್ರದ ಹೊಯ್ಗೆ ತರುತ್ತೇನೆ ಅಂದವನನ್ನು ಅಲ್ಲೇ ನಿಲ್ಲಿಸಿ. ಅದರಲ್ಲಿ ಉಪ್ಪು, ಚಿಪ್ಪಿನ ಚೂರು, ಮೇಲಿಂದ ದಡದಿಂದ ತೆಗೆಯುವುದೇ ತಪ್ಪು. ಕಪ್ಪು ರಬ್ಬರ್ ಪುಡಿಯೂ ಮನೆಗೆ ಬೇಡ. ಮಳೆಗೆ ಹರಿದು ಗಟಾರ ಸೇರಿ, ಅಲ್ಲಿಂದ ಕಾಳಿ ನದಿಗೆ. ಯುರೋಪಿನವರು 2023ರಲ್ಲೇ ನಿಯಮ ಮಾಡಿ, 2031ರ ನಂತರ ಆ ಪುಡಿ ಮಾರುವ ಹಾಗಿಲ್ಲ ಅಂದಿದ್ದಾರೆ.

ಅಂಕೋಲಾದಿಂದ

ನಾಯಿ ಇದ್ದರೆ ಬೇಡ. ನಮ್ಮದು ದಿನಾ ಒಂದೇ ಮೂಲೆ ಹಿಡಿದಿತ್ತು. ಮಳೆಗಾಲದಲ್ಲಿ ಗೊತ್ತಾಗಲಿಲ್ಲ, ತೊಳೆದುಹೋಗುತ್ತಿತ್ತು. ಮಾರ್ಚಿನಲ್ಲಿ ಅಡುಗೆಮನೆ ಕಿಟಕಿ ತೆಗೆಯುವ ಹಾಗಿರಲಿಲ್ಲ.

ಹೊನ್ನಾವರದಿಂದ

ಮಳೆ ವಿಷಯ ಎಲ್ಲ ಹೇಳಿದರು, ಬಿಸಿಲಿನದು ಯಾರೂ ಹೇಳಲಿಲ್ಲ. ನಿಜವಾದ ಹುಲ್ಲು ತನ್ನ ನೀರನ್ನು ಗಾಳಿಗೆ ಬಿಟ್ಟು ತಣ್ಣಗಿರುತ್ತದೆ, ಪ್ಲಾಸ್ಟಿಕ್ಕಿಗೆ ಆ ವಿದ್ಯೆ ಇಲ್ಲ. ಸುಡುಬಿಸಿಲಿನಲ್ಲಿ ಇದರ ಮೈ 60 ಡಿಗ್ರಿ ದಾಟುವುದೂ ಉಂಟು. ಏಪ್ರಿಲ್ ಮಧ್ಯಾಹ್ನ ಮೊಮ್ಮಗಳು ಬರಿಗಾಲಲ್ಲಿ ಇಳಿದು ಚೀರಿಕೊಂಡು ಒಳಗೆ ಓಡಿ ಬಂದಳು.

ನಮ್ಮಾಕೆ ಅದಕ್ಕೂ ಒಂದು ಉಪಯೋಗ ಕಂಡುಹಿಡಿದಳು. ಅದರ ಮೇಲೆ ಚಾಪೆ ಹಾಸಿ ಹಲಸಿನ ಹಪ್ಪಳ ಹರಡಿದಳು. ಮಾಡಿನ ಮೇಲೆ ಎರಡು ದಿನ ತೆಗೆದುಕೊಳ್ಳುತ್ತಿದ್ದದ್ದು ಒಂದೇ ದಿನಕ್ಕೆ ಗರಿಗರಿ! ಈಗ ಪಕ್ಕದ ಮನೆಯವರೂ ಹಪ್ಪಳದ ಚಾಪೆ ಹಿಡಿದುಕೊಂಡು ಬರುತ್ತಾರೆ. ಆದರೆ ಮಕ್ಕಳು ಆಡಲಿ ಅಂತ ಹಾಕಿಸುವುದಾದರೆ ನೆರಳು ಬೇಕು. ನಾವು ಅರ್ಧಕ್ಕೆ ಹಸಿರು ನೆಟ್ ಕಟ್ಟಿಸಿದ್ದೇವೆ. ಜೂನಿಗೆ ಮೊದಲು ಬಿಚ್ಚಿಡುತ್ತೇವೆ, ಇಲ್ಲದಿದ್ದರೆ ಗಾಳಿ ಒಯ್ಯುತ್ತದೆ.

ಶಿರಸಿಯಿಂದ

ಹೊನ್ನಾವರದವರಿಗೆ ಬಿಸಿಲು, ನಮಗೆ ನೆರಳು ಶತ್ರು. ನಮ್ಮ ಹಿತ್ತಲಿನಲ್ಲಿ ಒಂದು ಹಲಸು, ಎರಡು ಮಾವು. ಮಗ ಬೆಂಗಳೂರಿನಿಂದ ಬಂದವನು ಉಮೇದಿನಲ್ಲಿ ಹಾಸಿಸಿದ. ಕೆಳಗೆ ಜಲ್ಲಿ ಎಲ್ಲ ಸರಿಯಾಗಿಯೇ ಹಾಕಿದ್ದರು, ನೀರೂ ನಿಲ್ಲಲಿಲ್ಲ. ಆದರೆ ಪುಷ್ಯ ಮಳೆ ಹೊತ್ತಿಗೆ ಎಳೆಗಳ ಬುಡದಲ್ಲಿ ಹಾವಸೆ ಕಟ್ಟಿತು. ಜಾರಿ ಬಿದ್ದಿದ್ದು ನಾನೇ, ಕೈಯಲ್ಲಿ ಕಾಫಿ ಲೋಟ ಬೇರೆ. ಮಾಘದಿಂದ ಶುರು ದರಕು, ಅಂದರೆ ಉದುರಿದ ಒಣ ಎಲೆ. ಮಣ್ಣಿನ ಮೇಲೆ ಬಿದ್ದ ದರಕನ್ನು ಗುಡಿಸಿ ಕೊಟ್ಟಿಗೆಗೆ ಹಾಕುತ್ತಿದ್ದೆವು, ಉಳಿದ ಚೂರು ತಾನಾಗಿ ಗೊಬ್ಬರ ಆಗುತ್ತಿತ್ತು. ಪ್ಲಾಸ್ಟಿಕ್ ಎಳೆಯೊಳಗೆ ಸಿಕ್ಕಿದ್ದು ಅಲ್ಲೇ ಕೊಳೆತು ಮಣ್ಣಾಗಿ, ಆ ಮಣ್ಣಿನಲ್ಲಿ ಮತ್ತೆ ಹುಲ್ಲು ಹುಟ್ಟಿತು! ಪ್ಲಾಸ್ಟಿಕ್ ಹುಲ್ಲಿನಿಂದ ಹುಲ್ಲು ಕೀಳುತ್ತ ಕೂತ ದಿನ ನನಗೆ ಸಾಕಾಯಿತು.

ಮೂರನೇ ವರ್ಷ ಸುತ್ತಿ ಅಟ್ಟಕ್ಕೆ ಹಾಕಿದೆವು. ಕೊಳ್ಳುವವರಿಲ್ಲ, ಸುಡುವ ಹಾಗಿಲ್ಲ. ಈಗ ಓಡಾಡುವ ಜಾಗಕ್ಕೆ ಚಿರೆಕಲ್ಲು ಹಾಸಿದ್ದೇವೆ, ಕಲ್ಲಿನ ನಡುವೆ ಮೂರು ಇಂಚು ಬಿಟ್ಟು ಒಂದೆಲಗ. ತಂಪು ನೆಲಕ್ಕೆ ತಾನೇ ಹಬ್ಬುತ್ತದೆ, ಮೊಣಕಾಲು ಮಟ್ಟ ಬೆಳೆಯುವ ಜಾತಿಯಲ್ಲ. ಸವರುವ ಕೆಲಸವೂ ಇಲ್ಲ, ವಾರಕ್ಕೆರಡು ಸಲ ತಂಬುಳಿಗೆ ಕೊಯ್ಯುತ್ತೇವಲ್ಲ. ಮಳೆಗಾಲದಲ್ಲಿ ಚಿರೆಕಲ್ಲಿಗೂ ಹಾವಸೆ ಬರುತ್ತದೆ ಅನ್ನಿ, ಸುಣ್ಣ ಎರಚಿ ಉಜ್ಜುತ್ತೇವೆ. ನಿಮ್ಮ ಹಿತ್ತಲಲ್ಲಿ ಮರ ಇದೆಯಾ? ಅದನ್ನು ಹೇಳಲೇ ಇಲ್ಲ.

ಕೇಳಿದವರು

ಎಲ್ಲರಿಗೂ ಉಪಕಾರ. ಶಿರಸಿಯವರೇ, ಪಡುವಣ ಬದಿಗೆ ಒಂದು ಮಾವಿನ ಮರ ಇದೆ, ಸುಮಾರು ಮೂರನೇ ಒಂದು ಪಾಲು ನೆರಳು. ನಾಯಿ ಇಲ್ಲ. ತುಳಸಿ ಕಟ್ಟೆ ಇದೆ, ಸರಿಯಾಗಿ ನಡುವೆ!

ನಿನ್ನೆ 60 ರೂಪಾಯಿಯವರಿಗೆ ಫೋನ್ ಮಾಡಿ ಮಳೆ ನೀರು ಎಲ್ಲಿಗೆ ಹೋಗುತ್ತದೆ ಅಂತ ಕೇಳಿದೆ. 'ಇದರಲ್ಲಿ ತೂತು ಇದೆ ಸರ್' ಅಂದರು. ಅಲ್ಲಿಗೆ ಆ ಲೆಕ್ಕ ಮುಗಿಯಿತು.

ಆಯಿ ಜೊತೆ ಕೂತು ಹೀಗೆ ಅಂದುಕೊಂಡಿದ್ದೇವೆ. ಮಾವಿನ ಕೆಳಗೂ ತುಳಸಿ ಕಟ್ಟೆ ಸುತ್ತಲೂ ಚಿರೆಕಲ್ಲು, ಒಂದೆಲಗ. ಬಟ್ಟೆ ಒಣಗಿಸುವ ಬಿಸಿಲಿನ ಬದಿ, ಸುಮಾರು 350 ಚದರ ಅಡಿಗೆ ಮಾತ್ರ ಪ್ಲಾಸ್ಟಿಕ್. ಕೆಳಗೆ ಜಲ್ಲಿ, ವಾಟ ಎಲ್ಲ ಹೇಳಿದ ಹಾಗೆ. 135ರ ರೇಟಿನಲ್ಲಿ ಆ ಬದಿಗೆ 47 ಸಾವಿರದ ಚಿಲ್ಲರೆ ಆಗುತ್ತದೆ. ಒಂದೆಲಗದ ವಿಷಯಕ್ಕೆ ಆಯಿ ಕೂಡಲೇ ಒಪ್ಪಿದಳು, ಪ್ಲಾಸ್ಟಿಕ್ಕಿಗೆ ಇನ್ನೂ ಮುಖ ಸಿಂಡರಿಸುತ್ತಿದ್ದಾಳೆ. ಹಪ್ಪಳದ ಸುದ್ದಿ ಹೇಳಿದ ಮೇಲೆ ಸ್ವಲ್ಪ ಮೆತ್ತಗಾಗಿದ್ದಾಳೆ.

ಕೆಲಸ ತುಳಸಿ ಮದುವೆ ಮುಗಿದ ಮೇಲೆಯೇ. ಕೆಂಪು ಮಣ್ಣು ಎರಡು ಲೋಡ್ ಹೊರಗೆ ಬರುತ್ತದೆ. ಕೋಡಿಬಾಗ, ಸುಂಕೇರಿ ಸುತ್ತ ಯಾರಿಗಾದರೂ ಬೇಕಿದ್ದರೆ ಹೇಳಿ, ಸುಮ್ನೆ ಕೊಡುತ್ತೇವೆ. ಕೊನ್ನಾರಿ ಗಡ್ಡೆ ಅದರೊಳಗೇ ಇದೆ, ಆಮೇಲೆ ಹೇಳಲಿಲ್ಲ ಅನ್ನಬೇಡಿ.